ಗಾರೆ ಮೇಸ್ತ್ರಿಯನ್ನು ಒಂದು ದಿನ ತಡೆಯಿರಿ

ಈ ವಾರ ಬೆಳೆ ಇಲ್ಲ, ಗೊಬ್ಬರ ಇಲ್ಲ, ರೋಗ ಇಲ್ಲ. ಗೋಡೆಯ ಬಗ್ಗೆ ಬರೀತಿದೀನಿ. ಸುಗ್ಗಿ ಮುಗಿದು ಕೈಗೆ ಒಂದಿಷ್ಟು ದುಡ್ಡು ಬಂತು ಅಂದ್ರೆ ನಮ್ಮ ಹಳ್ಳಿಗಳಲ್ಲಿ ಕಟ್ಟೋ ಕೆಲಸ ಶುರುವಾಗುತ್ತೆ. ಒಬ್ಬರದು ಹಳೇ ಮನೆ ಪಕ್ಕ ಎರಡು ರೂಮು, ಇನ್ನೊಬ್ಬರದು ಎಂಟು ಹಸು ಕಟ್ಟೋಕೆ ಶೆಡ್ಡು, ಮತ್ತೊಬ್ಬರದು ಬೋರ್‌ವೆಲ್ ಪಕ್ಕ ಪಂಪ್ ಮನೆ. ಮುಂಗಾರು ಹಿಡಿಯೋದರೊಳಗೆ ಮುಗಿಸಬೇಕು ಅನ್ನೋ ಅವಸರ ಎಲ್ಲರಿಗೂ. ಆ ಅವಸರದಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸಿಗೋದು ಗೋಡೆ ಒಳಗೆ ಹೋಗೋ ಕರೆಂಟ್ ವೈರಿಗೆ. ಟೈಲ್ಸ್ ಬಣ್ಣ ಆರಿಸೋಕೆ ಮೂರು ಅಂಗಡಿ ಸುತ್ತುತ್ತೇವೆ. ವೈರಿಂಗ್ ಅಂದ್ರೆ ಮಾತ್ರ "ಅವನೇ ನೋಡ್ಕೋತಾನೆ ಬಿಡು" ಅಂತ ಹೊಲಕ್ಕೆ ಹೊರಟುಬಿಡ್ತೇವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದವರು ಅಲ್ಲಿಂದಲೇ ಜಗಳ ಶುರು ಮಾಡಬಹುದು. ವಾಸದ ಮನೆಯಲ್ಲಿ ಒಂದು ಗೇಣು ವೈರು ಕೂಡ ನೇರವಾಗಿ ಸಿಮೆಂಟಿಗೆ ತಾಗಬಾರದು, ಎಲ್ಲವೂ ಪೈಪಿನೊಳಗೇ ಇರಬೇಕು. ಪೈಪು, ಬಾಕ್ಸು ಎಲ್ಲ ಕೂರಿಸಿದ ಮೇಲೆ ಪ್ಲಾಸ್ಟರಿಂಗ್ ಶುರುವಾಗೋ ಮೊದಲು ಒಂದು ಪೂರ್ತಿ ದಿನ ನಿಮ್ಮದಾಗಿರಬೇಕು, ಮೇಸ್ತ್ರಿಯದಲ್ಲ. ಇನ್ನು ದನದ ಕೊಟ್ಟಿಗೆಗೆ, ಪಂಪ್ ಮನೆಗೆ ಕನ್ಸೀಲ್ಡ್ ವೈರಿಂಗ್ ಬೇಡವೇ ಬೇಡ. ಪೇಟೆ ಮನೆ ನೋಡಿ ಕೊಟ್ಟಿಗೆಯ ಗೋಡೆಯೊಳಗೂ ವೈರು ಹೂತಿಡೋ ಚಟ ಇತ್ತೀಚೆಗೆ ಹೆಚ್ಚಾಗಿದೆ. ಅದು ಅಂದವೂ ಅಲ್ಲ, ಉಳಿತಾಯವೂ ಅಲ್ಲ.

ಇದನ್ನ ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ಊರಿನಲ್ಲಿ ಒಂದು ಎಚ್‌ಎಫ್ ಹಸು ನಿಂತಲ್ಲೇ ಬಿದ್ದು ಸತ್ತಿತು. ಎರಡನೇ ಸೂಲು, ದಿನಕ್ಕೆ ಎರಡೂ ಹೊತ್ತು ಸೇರಿ ಹದಿನೆಂಟು ಲೀಟರ್ ಕೊಡ್ತಿತ್ತು. ಮೊದಲು ಎಲ್ಲರೂ ಹಾವು ಅಂದ್ರು. ಡಾಕ್ಟ್ರು ಬಂದು ನೋಡೋ ಹೊತ್ತಿಗೆ ಪಕ್ಕದ ಹಸುವೂ ಕಾಲು ಎತ್ತಿ ಎತ್ತಿ ಇಡ್ತಾ ಇತ್ತು. ಆಗ ಯಾರಿಗೋ ಹೊಳೆದು ಮೇನ್ ಆಫ್ ಮಾಡಿದ್ರು. ನಾನು ಮಾರನೇ ದಿನ ಹೋಗಿ ನೋಡಿದೆ. ನಾಲ್ಕಿಂಚಿನ ಸಿಮೆಂಟ್ ಬ್ಲಾಕ್ ಗೋಡೆ. ಬಲ್ಬಿಗೆ ಹೋಗೋ ವೈರನ್ನು ಪೈಪಿಲ್ಲದೆ, ಮೊಳೆಗೆ ಸಿಕ್ಕಿಸಿ, ಮೇಲೆ ಪ್ಲಾಸ್ಟರ್ ಹೊಡೆದಿದ್ದರು. ಅದೂ ಮೂಲೆಯಿಂದ ಮೂಲೆಗೆ ಓರೆಯಾಗಿ, ವೈರು ಉಳಿಸೋಕೆ. ಆಮೇಲೆ ಯಾವಾಗಲೋ ಹಸು ಕಟ್ಟೋಕೆ ಅದೇ ಗೋಡೆಗೆ ಕಬ್ಬಿಣದ ಬಳೆ ಕೂರಿಸಿದ್ದಾರೆ. ಬಳೆಯ ಬೋಲ್ಟು ವೈರಿನ ಮೈ ಸವರಿಕೊಂಡು ಹೋಗಿದೆ. ಎರಡು ವರ್ಷ ಏನೂ ಆಗಿರಲಿಲ್ಲ. ಆ ವರ್ಷ ಶೀಟಿನ ಸಂದಿಯಿಂದ ನೀರು ಇಳಿದು ಗೋಡೆ ನೆಂದಿದೆ, ಬಳೆಗೆ ಕರೆಂಟ್ ಬಂದಿದೆ, ಬಳೆಯಿಂದ ಸರಪಳಿಗೆ, ಸರಪಳಿಯಿಂದ ಹಸುವಿನ ಕೊರಳಿಗೆ.

ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಫ್ಯೂಸ್ ಯಾಕೆ ಹೋಗ್ಲಿಲ್ಲ?" ಬಹಳ ಜನಕ್ಕೆ ಇರೋ ಅನುಮಾನ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಫ್ಯೂಸು, ಎಂಸಿಬಿ ಇರೋದು ವೈರನ್ನ ಕಾಪಾಡೋಕೆ, ನಿಮ್ಮನ್ನಲ್ಲ. 6 ಆಂಪಿಯರ್‌ನ ಎಂಸಿಬಿ ಅಂದ್ರೆ 6,000 ಮಿಲಿಆಂಪಿಯರ್. ಅದಕ್ಕಿಂತ ಹೆಚ್ಚು ಹರಿದಾಗ ಮಾತ್ರ ಅದು ಬೀಳುತ್ತೆ. ಮನುಷ್ಯನ ಎದೆ ಹಾದುಹೋಗೋ ಕೆಲವೇ ಹತ್ತು ಮಿಲಿಆಂಪಿಯರ್ ಕರೆಂಟು ಜೀವ ತೆಗೆಯೋಕೆ ಸಾಕು. ದನಗಳ ಕಥೆ ಇನ್ನೂ ಕಷ್ಟ. ನಾಲ್ಕು ಕಾಲಿನ ನಡುವೆ ಅಂತರ ಜಾಸ್ತಿ, ಗೊರಸು ಸದಾ ಗಂಜಲದಲ್ಲಿ ನೆಂದಿರುತ್ತೆ, ಕಾಲಿಗೆ ಚಪ್ಪಲಿ ಇಲ್ಲ. ನಮಗೆ ಬರೀ ಜುಮ್ಮೆನ್ನೋ ವೋಲ್ಟೇಜು ಹಸುವಿಗೆ ಪ್ರಾಣಾಪಾಯ. ಆ ಹಸು ಸಾಯೋವಾಗ ಫ್ಯೂಸಿನ ಲೆಕ್ಕದಲ್ಲಿ ಅಲ್ಲಿ ಏನೂ ನಡೆದೇ ಇರಲಿಲ್ಲ.

ಇನ್ನೊಂದು ವಿಷಯ. ಬೀದಿಯ ಲೈನು ಹರಿದು ಬಿದ್ದು ದನ ಸತ್ತರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಪರಿಹಾರ ಕೇಳಬಹುದು. ಮೀಟರಿನಿಂದ ಈಚೆಗೆ ಏನೇ ಆದರೂ ಅದು ಮಾಲೀಕರ ತಲೆಗೇ.

ಈಗ ಪ್ಲಾಸ್ಟರಿಂಗ್ ವಿಷಯಕ್ಕೆ ಬರೋಣ. ನಮ್ಮ ಕಡೆ ಗಾರೆ ಕೆಲಸ ಅಂತೀವಿ, ಉತ್ತರ ಕರ್ನಾಟಕದ ಕಡೆ ಗಿಲಾವ್ ಅಂತಾರೆ. ಕೆಲಸ ಒಂದೇ, ಆಗೋ ಅನಾಹುತವೂ ಒಂದೇ. ಸರಿಯಾದ ಕ್ರಮ ಹೀಗಿರುತ್ತೆ: ಗೋಡೆ ಕಟ್ಟಿ ಕ್ಯೂರಿಂಗ್ ಆದ ಮೇಲೆ ಎಲೆಕ್ಟ್ರಿಷಿಯನ್ ಗುರುತು ಹಾಕಿ ಗೋಡೆ ಕೊರೆದು ಪೈಪು, ಬಾಕ್ಸು ಕೂರಿಸ್ತಾನೆ. ಆಮೇಲೆ ಆ ಕೊರೆದ ಜಾಗ ಮುಚ್ಚಬೇಕು, ಆಮೇಲೆ ಪ್ಲಾಸ್ಟರಿಂಗ್. ಗೋಡೆ ಒಣಗಿದ ಮೇಲೆ ಕೊನೆಗೆ ಪೈಪಿನೊಳಗೆ ವೈರು ಎಳೀಬೇಕು. ಅಂದ್ರೆ ಪ್ಲಾಸ್ಟರಿಂಗ್ ಹೊತ್ತಿಗೆ ಗೋಡೆಯೊಳಗೆ ಬರೀ ಖಾಲಿ ಪೈಪಿರಬೇಕು. ಹಳ್ಳಿಯಲ್ಲಿ ಇದು ಉಲ್ಟಾ ಆಗುತ್ತೆ. ಎಲೆಕ್ಟ್ರಿಷಿಯನ್ ಮತ್ತೆ ಮತ್ತೆ ಅಷ್ಟು ದೂರ ಬರಲ್ಲ, ಒಂದೇ ಸಲಕ್ಕೆ ವೈರು ಸಮೇತ ಮುಗಿಸಿ ಹೋಗ್ತೀನಿ ಅಂತಾನೆ. ಹಸಿ ಗೋಡೆಯ ನೀರು ಬಾಕ್ಸಿನ ಬಾಯಿಂದ ಇಳಿದು ವೈರಿನ ತುದಿ ಹಸಿರುಗಟ್ಟುತ್ತೆ, ಕರಣೆ ತಾಗಿ ವೈರಿನ ಮೈ ಕೊಯ್ಯುತ್ತೆ. ಅಲ್ಯೂಮಿನಿಯಂ ವೈರಾದರಂತೂ ಹಸಿ ಸಿಮೆಂಟಿನ ಸುಣ್ಣದ ಗುಣವೇ ಅದನ್ನ ತಿಂದುಹಾಕುತ್ತೆ. ಹಳೇ ಮೋಟಾರಿನ ಅಲ್ಯೂಮಿನಿಯಂ ಕೇಬಲ್ ಮಿಕ್ಕಿದೆ ಅಂತ ಮನೆ ಗೋಡೆಗೆ ಹಾಕೋರು ಈ ಮಾತು ನೆನಪಿಡಿ.

ಪೈಪು ಅಂದ್ರೆ ಯಾವುದೋ ಪೈಪಲ್ಲ. ಇದು ನಮ್ಮ ರೈತರಿಗೇ ವಿಶೇಷವಾದ ಕಾಯಿಲೆ. ತೋಟದಲ್ಲಿ ಉಳಿದ ಡ್ರಿಪ್ ಲ್ಯಾಟರಲ್ ಪೈಪನ್ನೇ ಗೋಡೆಯೊಳಗೆ ಹಾಕಿ ಅದರಲ್ಲಿ ವೈರು ತೂರಿಸಿರೋದನ್ನ ನಾನು ಒಂದಲ್ಲ, ನಾಲ್ಕೈದು ಮನೆಯಲ್ಲಿ ನೋಡಿದೀನಿ. ನೋಡೋಕೆ ಬುದ್ಧಿವಂತಿಕೆಯ ಹಾಗೆ ಕಾಣುತ್ತೆ. ಲ್ಯಾಟರಲ್ ಪಾಲಿಥೀನಿನದು. ಬೆಂಕಿ ಹತ್ತಿದರೆ ಮೇಣದ ಥರ ಉರಿದು ತೊಟ್ಟಿಕ್ಕುತ್ತೆ. ಬಾಗಿದ ಕಡೆ ಮಡಚಿಕೊಂಡು ವೈರು ಹಿಡಿದುಬಿಡುತ್ತೆ, ಆಮೇಲೆ ಎಳೆದರೂ ಬರಲ್ಲ. ವೈರಿಂಗಿಗೆ ಅಂತಲೇ ಮಾಡಿರೋ ಪಿವಿಸಿ ಪೈಪು ಬೆಂಕಿ ತೆಗೆದ ಕೂಡಲೇ ತಾನಾಗಿ ಆರುತ್ತೆ. ಅದರಲ್ಲಿ ಲೈಟ್, ಮೀಡಿಯಂ, ಹೆವಿ ಅಂತ ಮೂರು ಬಗೆ ಸಿಗುತ್ತೆ. ಮೈಮೇಲೆ ಐಎಸ್‌ಐ ಗುರುತಿರೋ ಮೀಡಿಯಂ ತಗೊಳ್ಳಿ. ಲೈಟ್ ಪೈಪು ಕರಣೆಯ ಒಂದು ಏಟಿಗೆ, ಮೇಲೆ ಬಿದ್ದ ಒಂದು ಬ್ಲಾಕಿನ ತುಣುಕಿಗೆ ಚಪ್ಪಟೆಯಾಗುತ್ತೆ. ಇಡೀ ಮನೆಗೆ ಪೈಪಿನ ಖರ್ಚು ವೈರಿನ ಖರ್ಚಿನ ಮುಂದೆ ಏನೇನೂ ಅಲ್ಲ. ಇಲ್ಲಿ ಜಿಪುಣತನ ಮಾಡೋದು ಒಳ್ಳೇ ಬಿತ್ತನೆ ಬೀಜ ತಂದು ಕೂರಿಗೆ ಬಾಡಿಗೆಗೆ ಚೌಕಾಸಿ ಮಾಡಿದ ಹಾಗೆ.

ಇನ್ನು ಕೊರೆಯೋ ಕೆಲಸ. ಗೋಡೆ ಕೊರೆಯೋಕೂ ಒಂದು ಮಿತಿ ಇದೆ. ಭಾರ ಹೊರೋ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕೊರೆಯೋದಾದರೆ ಗೋಡೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ ಆಳ ಹೋಗಬಾರದು, ಅಡ್ಡಡ್ಡ ಕೊರೆಯೋದಾದರೆ ಆರನೇ ಒಂದು ಭಾಗಕ್ಕಿಂತ ಹೋಗಬಾರದು ಅನ್ನೋದು ನಮ್ಮ ದೇಶದ ಕಟ್ಟಡ ನಿಯಮ. ನಾಲ್ಕಿಂಚಿನ, ಅಂದ್ರೆ 100 ಮಿಲಿಮೀಟರ್ ಗೋಡೆಗೆ ಲೆಕ್ಕ ಹಾಕಿ. ಮೇಲಿಂದ ಕೆಳಕ್ಕೆ 33 ಮಿಲಿಮೀಟರ್ ಸಿಗುತ್ತೆ, 20 ಮಿಲಿಮೀಟರ್ ಪೈಪು ಆರಾಮಾಗಿ ಕೂರುತ್ತೆ. ಅಡ್ಡಡ್ಡ ಸಿಗೋದು ಬರೀ 16 ಮಿಲಿಮೀಟರ್. ಪೈಪೇ 20 ಇರೋವಾಗ ಅದು ಎಲ್ಲಿ ಕೂರಬೇಕು? ಹಾಗಾಗಿ ನಾಲ್ಕಿಂಚಿನ ಗೋಡೆಯಲ್ಲಿ ಅಡ್ಡ ಕೊರೆಯೋ ಮಾತೇ ಇಲ್ಲ. ಆರ್‌ಸಿಸಿ ಮನೆಯಾದರೆ ಮೋಲ್ಡ್ ಹಾಕೋವಾಗಲೇ ಚಾವಣಿಯೊಳಗೆ ಪೈಪು ಹಾಕಿಸಿ, ಅಲ್ಲಿಂದ ಒಂದೊಂದು ಸ್ವಿಚ್ ಬಾಕ್ಸಿಗೂ ನೆಟ್ಟಗೆ ಕೆಳಕ್ಕೆ ಇಳಿಸಿ. ಶೀಟ್ ಮನೆಯಾದರೆ ಗೋಡೆಯ ತಲೆಯ ಮೇಲೆ ಪೈಪನ್ನ ಹೊರಗೇ ಓಡಿಸಿ ಇಳಿಸಿಕೊಳ್ಳಿ. ಗೋಡೆಯ ಎರಡೂ ಬದಿಗೆ ಬೆನ್ನಿಗೆ ಬೆನ್ನು ಸೇರೋ ಹಾಗೆ ಸ್ವಿಚ್ ಬಾಕ್ಸ್ ಕೊರೆಯೋಕೆ ಬಿಡಬೇಡಿ. ನಡುವೆ ಬಿಸ್ಕತ್ತಿನಷ್ಟು ದಪ್ಪ ಉಳಿದಿರುತ್ತೆ.

ಉಳಿ ಸುತ್ತಿಗೆಯಲ್ಲಿ ಬಡಿದು ಕೊರೆಯೋದಕ್ಕಿಂತ ಕಟಿಂಗ್ ಮೆಷಿನ್ನಿನಲ್ಲಿ ಎರಡು ಗೆರೆ ಎಳೆದು ಮಧ್ಯದ್ದು ತೆಗೆಸೋದು ವಾಸಿ. ಧೂಳು ಬಹಳ ಏಳುತ್ತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ನಿಲ್ಲಬೇಕು, ಆದರೆ ಗೋಡೆ ಅಲುಗಾಡಲ್ಲ. ಮಲೆನಾಡು, ಕರಾವಳಿ ಕಡೆಯ ಜಂಬಿಟ್ಟಿಗೆ ಗೋಡೆಗೂ ಇದೇ ಮಾತು. ಹಳೇ ಮಣ್ಣಿನ ಗೋಡೆಗೆ ಮಾತ್ರ ಕೊರೆಯೋ ಸಹವಾಸವೇ ಬೇಡ, ಮೇಲೆ ಪೈಪು ಹೊಡೆಸಿ ಸುಮ್ಮನಾಗಿ.

ಪೈಪು ಕೂರಿಸಿದ ಮೇಲೆ ನೀವೇ ಕೈ ಹಾಕಿ ಎಳೆದು ನೋಡಿ. ಅಲುಗಾಡಬಾರದು. ಎರಡು ಅಡಿಗೊಂದರಂತೆ ಹುಕ್ಕೋ, ಮೊಳೆಗೆ ಸುತ್ತಿದ ಜಿಐ ತಂತಿಯೋ ಬಿಗಿಯಾಗಿ ಹಿಡಿದಿರಬೇಕು. ಜಾಯಿಂಟಿಗೆಲ್ಲ ಸಲ್ಯೂಷನ್ ಹಚ್ಚಿರಬೇಕು. ಬರೀ ತೂರಿಸಿಟ್ಟ ಜಾಯಿಂಟು ಪ್ಲಾಸ್ಟರ್ ಹೊಡೆಯೋವಾಗ ಕಳಚಿಕೊಂಡು, ಒಳಗೆ ಗಾರೆ ತುಂಬಿ, ಆಮೇಲೆ ವೈರು ಎಳೆಯೋ ದಿನ ಗೋಡೆ ಒಡೆಸುತ್ತೆ. ಪೈಪು ತಿರುಗೋ ಕಡೆ ಉದ್ದನೆ ಬೆಂಡ್ ಇರಲಿ, ಗಿಡ್ಡ ಎಲ್ಬೋ ಬೇಡ. ಎರಡು ಬಾಕ್ಸುಗಳ ಮಧ್ಯೆ ಎರಡಕ್ಕಿಂತ ಹೆಚ್ಚು ತಿರುವಿದ್ದರೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಇಡಿಸಿ. ಪೈಪಿನ ಹೊಟ್ಟೆಯಲ್ಲಿ ನೂರಕ್ಕೆ ನಲವತ್ತು ಭಾಗಕ್ಕಿಂತ ಹೆಚ್ಚು ವೈರು ತುಂಬಬಾರದು. ತುಂಬಿದರೆ ಬಿಸಿ ಹೊರಹೋಗಲ್ಲ, ಮುಂದೆ ಒಂದು ವೈರು ಬದಲಿಸೋಕೂ ಆಗಲ್ಲ. ಪೈಪಿನ ಬಾಯಿಗೆ, ಬಾಕ್ಸಿನ ಬಾಯಿಗೆ ಸಿಮೆಂಟ್ ಚೀಲದ ತುಂಡೋ ಪೇಪರೋ ಗಟ್ಟಿಯಾಗಿ ತುರುಕಿಸಿ. ಗಾರೆ ಹೋಗದೆ ಇರೋಕಷ್ಟೇ ಅಲ್ಲ, ಹದಿನೈದು ದಿನ ಬಾಯಿ ತೆರೆದು ಬಿಟ್ಟರೆ ಕುಂಬಾರ ಹುಳ ಬಂದು ಮಣ್ಣಿನ ಗೂಡು ಕಟ್ಟಿಬಿಡುತ್ತೆ. ಆ ಮಣ್ಣು ಸಿಮೆಂಟಿಗಿಂತ ಗಟ್ಟಿ ಅಂತ ನಮ್ಮೂರ ಎಲೆಕ್ಟ್ರಿಷಿಯನ್ ಗೊಣಗ್ತಿರ್ತಾನೆ.

ಬಾಕ್ಸು ಗೋಡೆಯಿಂದ ಪ್ಲಾಸ್ಟರಿನ ದಪ್ಪದಷ್ಟು, ಒಳಗೋಡೆಗೆ ಸಾಮಾನ್ಯವಾಗಿ 12 ಮಿಲಿಮೀಟರ್, ಮುಂದೆ ಇರಬೇಕು. ಒಳಗೆ ಹೂತುಹೋದರೆ ಸ್ವಿಚ್ ಪ್ಲೇಟು ಕೂರಲ್ಲ, ಹಿಂದೆ ಸಂದಿ ಬಿದ್ದು ಇರುವೆ, ಹಲ್ಲಿ ಸಂಸಾರ ಹೂಡ್ತವೆ. ಕೊರೆದ ಜಾಗಕ್ಕೆ ಮೊದಲು ಗಟ್ಟಿ ಗಾರೆ ತುಂಬಿಸಿ, ಒಂದು ದಿನ ನೀರು ಹಾಕಿ, ಅದರ ಮೇಲೆ ಎರಡೂ ಕಡೆ ನಾಲ್ಕು ಬೆರಳು ದಾಟೋ ಹಾಗೆ ಚಿಕನ್ ಮೆಶ್ ಹೊಡೆಸಿ, ಆಮೇಲೆ ಪ್ಲಾಸ್ಟರ್. ಮೆಶ್ ಇಲ್ಲದ ಕಡೆ ಪೈಪಿನ ಜಾಡು ಹಿಡಿದೇ ಬಿರುಕು ಬರುತ್ತೆ. ಹೊಸ ಮನೆಗಳಲ್ಲಿ ಸ್ವಿಚ್ಚಿನಿಂದ ಚಾವಣಿವರೆಗೆ ನೆಟ್ಟಗೆ ಬಿರುಕು ನೋಡಿರ್ತೀರಲ್ಲ, ಅದೇ ಇದು. ಹೊರಗೋಡೆಯಲ್ಲಿ ಆ ಬಿರುಕಿನಿಂದಲೇ ಮಳೆನೀರು ಒಳಗೆ ಬರೋದು.

ಈಗ ನಾನು ಹೇಳಿದ ಆ ಒಂದು ದಿನ. ಇಷ್ಟೆಲ್ಲ ಕೂತಿದೆ, ಪ್ಲಾಸ್ಟರ್ ಇನ್ನೂ ಹೊಡೆದಿಲ್ಲ. ಗೋಡೆಯ ಹೊಟ್ಟೆ ಕಾಣೋದು ಇದೇ ಕೊನೆ ಸಲ. ನಿಮ್ಮ ಕೈಯಲ್ಲಿ ಫೋನ್ ಇದೆ. ದಿನಾ ಎಲೆಯ ಚುಕ್ಕೆ, ಕಾಯಿಯ ಹುಳು ಫೋಟೊ ತೆಗೆದು ಕಳಿಸ್ತೀರಿ. ಇವತ್ತು ಗೋಡೆ ತೆಗೀರಿ. ಪ್ರತಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಅಡುಗೆಮನೆ, ಪೂರ್ವ", "ಹಾಲು, ಉತ್ತರ" ಅಂತ ಬರೀರಿ. ಗೋಡೆಗೆ ಎದುರಾಗಿ ನಿಂತು, ನೆಲದಿಂದ ಚಾವಣಿವರೆಗೆ ಒಂದೇ ಫೋಟೊದಲ್ಲಿ ಬರೋ ಹಾಗೆ ತೆಗೀರಿ. ಓರೆಯಾಗಿ ತೆಗೆದ ಫೋಟೊ ಆಮೇಲೆ ಅಳತೆಗೆ ಬರಲ್ಲ. ಪ್ರತಿ ಪೈಪಿಗೂ ಹತ್ತಿರದ ಮೂಲೆಯಿಂದ ಅಥವಾ ಬಾಗಿಲ ಚೌಕಟ್ಟಿನಿಂದ ಟೇಪ್ ಹಿಡಿದು, ಅಂಕಿ ಕಾಣೋ ಹಾಗೆ ಇನ್ನೊಂದು ಫೋಟೊ. ನೆಲ ಇನ್ನೂ ಹಾಕಿಲ್ಲದಿದ್ದರೆ ಕೆಳಗಿನಿಂದ ಅಳೆಯಬೇಡಿ, ಟೈಲ್ಸ್ ಬಂದಾಗ ಎತ್ತರ ಬದಲಾಗುತ್ತೆ. ಕಿಟಕಿಯ ಲಿಂಟಲ್ ಹಿಡಿದು ಅಳೆಯಿರಿ. ಕೊನೆಗೆ ಬಾಗಿಲಿಂದ ಶುರು ಮಾಡಿ ಎಲ್ಲ ಕೋಣೆ ಸುತ್ತುತ್ತಾ, ಯಾವ ಪೈಪು ಎಲ್ಲಿಗೆ ಹೋಗುತ್ತೆ ಅಂತ ಬಾಯಲ್ಲಿ ಹೇಳ್ತಾ ಒಂದು ವಿಡಿಯೊ. ಎಲೆಕ್ಟ್ರಿಷಿಯನ್ ಬಾಯಲ್ಲೇ ಹೇಳಿಸಿದರೆ ಇನ್ನೂ ಒಳ್ಳೇದು. ಕ್ಯಾಮೆರಾ ಮುಂದೆ ಯಾರೂ ಓರೆ ಪೈಪು ಇಟ್ಟು "ಇದೇ ಸರಿ" ಅನ್ನಲ್ಲ.

ಫೋಟೊ ಫೋನಲ್ಲೇ ಬಿಡಬೇಡಿ. ಫೋನು ಕಾಲುವೆಗೆ ಬೀಳುತ್ತೆ, ಕಳೆಯುತ್ತೆ, ಬದಲಾಗುತ್ತೆ. ಗೂಗಲ್ ಡ್ರೈವಿಗೆ ಹಾಕಿ, ಮನೆಯವರ ವಾಟ್ಸಾಪ್ ಗ್ರೂಪಿಗೂ ಕಳಿಸಿ. ಮುಖ್ಯವಾದ ಐದಾರು ಫೋಟೊ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಡಿಬಿ ಬಾಕ್ಸಿನ ಪಕ್ಕ ನೇತುಹಾಕಿ. ಐದು ವರ್ಷ ಆದ ಮೇಲೆ ಟಿವಿ ಸ್ಟ್ಯಾಂಡಿಗೋ, ವಾಟರ್ ಫಿಲ್ಟರಿಗೋ ಡ್ರಿಲ್ ಹಿಡಿದು ನಿಲ್ಲೋನಿಗೆ ಅದು ಬೇಕು. ನಮ್ಮ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯೋದಕ್ಕೆ ಲೆಕ್ಕವೇ ಇಲ್ಲ. ಸ್ಪ್ರೇಯರ್ ನೇತುಹಾಕೋಕೆ ಒಂದು, ಹಗ್ಗಕ್ಕೆ ಒಂದು, ಡ್ರಿಪ್ ಪೈಪಿನ ಸುರುಳಿಗೆ ಒಂದು, ದೇವರ ಕ್ಯಾಲೆಂಡರಿಗೆ ಒಂದು. ಪೈಪು ನೆಟ್ಟಗೆ ಇಳಿದಿದ್ದರೆ ಸ್ವಿಚ್ಚಿನ ಮೇಲೆ ಕೆಳಗೆ ಮೊಳೆ ಹೊಡೀಬೇಡಿ ಅಂತ ಹೆಂಗಸರು ಮಕ್ಕಳಿಗೂ ಒಂದೇ ಮಾತಿನಲ್ಲಿ ಹೇಳಬಹುದು. ಓರೆ ಹೋಗಿದ್ದರೆ ಯಾರಿಗೆ ಏನಂತ ಹೇಳ್ತೀರಿ?

ಇದಕ್ಕೆ ಬರೋ ವಿರೋಧ ನನಗೆ ಗೊತ್ತು. "ಅಣ್ಣ, ನಾಳೆ ಕೆಲಸ ಇಲ್ಲ ಅಂದ್ರೆ ನನ್ನ ಆಳುಗಳು ಬೇರೆ ಸೈಟಿಗೆ ಹೋಗ್ತಾರೆ, ಆಮೇಲೆ ವಾರ ಬರಲ್ಲ ನೋಡಿ" ಅಂತಾನೆ ಮೇಸ್ತ್ರಿ. ಅವನ ಮಾತು ಸುಳ್ಳಲ್ಲ. ಚದರಕ್ಕೆ ಇಷ್ಟು ಅಂತ ಕಂಟ್ರಾಕ್ಟ್ ಹಿಡಿದೋನಿಗೆ ಒಂದು ದಿನ ಖಾಲಿ ಕೂತರೆ ನಷ್ಟವೇ. ಎಲೆಕ್ಟ್ರಿಷಿಯನ್‌ಗೆ ಪಾಯಿಂಟಿಗೆ ಇಷ್ಟು ಅಂತ ಕೂಲಿ, ಸಾಮಾನೂ ಅವನದೇ ಆದರೆ ಓರೆ ಹೋದಷ್ಟೂ ಅವನಿಗೆ ಪೈಪು ಉಳಿಯುತ್ತೆ. ಯಾರೂ ಕೆಟ್ಟವರಲ್ಲ, ಲೆಕ್ಕ ಹಾಗಿದೆ. ಅದಕ್ಕೇ ಪೈಪು, ವೈರು ನೀವೇ ತಂದುಕೊಡಿ, ಕೂಲಿ ಮಾತ್ರ ಮಾತಾಡಿ. ಆ ಒಂದು ದಿನವನ್ನ ಮೊದಲ ದಿನವೇ ಮಾತಿನಲ್ಲಿ ಸೇರಿಸಿ. ಅವತ್ತು ಗಾರೆಯವರಿಗೆ ಕಾಂಪೌಂಡೋ, ನೀರಿನ ತೊಟ್ಟಿಯೋ, ಬಚ್ಚಲ ಕಟ್ಟೆಯೋ ಕೊಡಿ. ಕಟ್ಟೋ ಮನೆಯಲ್ಲಿ ಒಂದು ದಿನದ ಬೇರೆ ಕೆಲಸ ಇರಲ್ಲ ಅನ್ನೋದನ್ನ ನಾನು ನಂಬಲ್ಲ.

ಅಪ್ಪಂದಿರ ಮಾತು ಬೇರೆ. "ನಮ್ಮ ಕಾಲದಲ್ಲಿ ಮರದ ರೀಪರ್ ಮೇಲೆ ಕ್ಲಿಪ್ ಹೊಡೆದು ವೈರು ಓಡಿಸ್ತಿದ್ವಿ, ಯಾರಿಗೇನಾಯ್ತು?" ಅಂತಾರೆ. ನಾನು ಈ ವಿಷಯದಲ್ಲಿ ಅಪ್ಪಂದಿರ ಕಡೆ. ಆ ವೈರಿಂಗ್ ಕಣ್ಣಿಗೆ ಕಾಣ್ತಿತ್ತು. ಇಲಿ ಕಡಿದರೆ ಕಾಣ್ತಿತ್ತು, ಬಿಸಿಗೆ ಕಪ್ಪಾದರೆ ಕಾಣ್ತಿತ್ತು. ಗೋಡೆಯೊಳಗೆ ಹೂತ ಮೇಲೆ ಕಾಣಲ್ಲ.

ಕೊಟ್ಟಿಗೆಗೆ ಕನ್ಸೀಲ್ಡ್ ಬೇಡ ಅನ್ನೋದು ಇದೇ ಕಾರಣಕ್ಕೆ. ಕೊಟ್ಟಿಗೆ ಗೋಡೆ ವರ್ಷವಿಡೀ ತೇವ. ತೊಳೆಯೋ ನೀರು, ಗಂಜಲ, ಉಸಿರಿನ ಹಬೆ. ಗಂಜಲದಿಂದ ಏಳೋ ಅಮೋನಿಯ ತಾಮ್ರ, ಹಿತ್ತಾಳೆಯನ್ನ ತಿನ್ನುತ್ತೆ. ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಿನ್ನು ಹಸಿರಾಗಿರೋದು ನೋಡಿದರೆ ಗೊತ್ತಾಗುತ್ತೆ. ದನ ಗೋಡೆಗೆ ಮೈ ಉಜ್ಜುತ್ತೆ, ಕೊಂಬಿನಲ್ಲಿ ತಿವಿಯುತ್ತೆ. ಇಂಥ ಕಡೆ ಪಿವಿಸಿ ಪೈಪನ್ನ ದನದ ಮೂತಿಗೆ ಎಟುಕದ ಎತ್ತರದಲ್ಲಿ, ಗೋಡೆಯ ಹೊರಗೆ, ಸ್ಯಾಡಲ್ ಹಾಕಿ ಓಡಿಸಿ. ಸ್ವಿಚ್ಚು ಕೊಟ್ಟಿಗೆಯ ಬಾಗಿಲ ಹೊರಗಿರಲಿ, ಮುಚ್ಚಳ ಇರೋ ನೀರು ಹೋಗದ ಬಾಕ್ಸಿನಲ್ಲಿ. ಹಾಲು ಕರೆಯೋ ಮೆಷಿನ್ನು, ಮೇವು ಕತ್ತರಿಸೋ ಮೆಷಿನ್ನಿಗೆ ಲೈಟಿನ ಲೈನಿಂದ ಎಳೆಯದೆ ಡಿಬಿಯಿಂದ ಬೇರೆ ಲೈನು ತನ್ನಿ. ದನ ಕಟ್ಟೋ ಬಳೆಯನ್ನ ಗೋಡೆಗೆ ಹಾಕಲೇಬೇಡಿ. ನೆಲದ ಗೂಟ, ಕಲ್ಲಿನ ಗೂಟ ಸಾಕು.

ಪಂಪ್ ಮನೆಯಲ್ಲಿ ತ್ರೀ ಫೇಸ್, 415 ವೋಲ್ಟ್. ಇವತ್ತು 5 ಎಚ್‌ಪಿ, ನಾಲ್ಕು ವರ್ಷ ಆದ ಮೇಲೆ ನೀರು ಕೆಳಗೆ ಹೋಗಿ 7.5 ಎಚ್‌ಪಿ ಇಳಿಸ್ತೀರಿ. ಕೇಬಲ್ ದಪ್ಪದ್ದು ಬೇಕು. ಗೋಡೆಯೊಳಗೆ ಹೂತಿಟ್ಟ ಕೇಬಲನ್ನ ಏನು ಮಾಡ್ತೀರಿ? ಹೊರಗೆ ಪೈಪಿನಲ್ಲಿರಲಿ. ಕೇಬಲ್ ಒಳಬರೋ ತೂತನ್ನ ಮುಚ್ಚಿಸಿ. ಅದು ಇಲಿಯ ಹೆಬ್ಬಾಗಿಲು, ಇಲಿ ಹಿಂದೆಯೇ ಹಾವು. ಸ್ಟಾರ್ಟರ್ ಬಾಕ್ಸ್ ತೆಗೆಯೋಕೆ ಹೋಗಿ ಒಳಗೆ ಹಾವು ಕಂಡ ಕಥೆ ಊರಿಗೊಂದು ಇದೆ.

ವೈರು ಎಳೆಯೋ ದಿನ ಎರಡು ವಿಷಯಕ್ಕೆ ಹಠ ಹಿಡೀರಿ. ಒಂದು, ಫೇಸ್‌ಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಜೊತೆಗೆ ಹಸಿರು ಅರ್ತ್ ವೈರು ಪ್ರತಿ ಸಾಕೆಟ್ಟಿಗೂ ಹೋಗಲೇಬೇಕು. ಪೈಪಿನ ಮಧ್ಯೆ ಎಲ್ಲೂ ಗಂಟು ಹಾಕಬಾರದು, ಜಾಯಿಂಟ್ ಏನಿದ್ದರೂ ಬಾಕ್ಸಿನೊಳಗೆ. ಎರಡು, ಡಿಬಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಹೋಗೋ ಕರೆಂಟು, ವಾಪಸ್ ಬರೋ ಕರೆಂಟು ಎರಡನ್ನೂ ಅದು ತೂಗಿ ನೋಡ್ತಾ ಇರುತ್ತೆ. ನಡುವೆ ಎಲ್ಲೋ ಸೋರಿತು ಅಂದ್ರೆ ಕಣ್ಣು ಮಿಟುಕಿಸೋದರೊಳಗೆ ಕಡಿಯುತ್ತೆ. ಆ ಕೊಟ್ಟಿಗೆಯಲ್ಲಿ ಇದೊಂದು ಇದ್ದಿದ್ದರೆ ಹಸು ಉಳೀತಿತ್ತು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತೆ ಅಂತ ಕೆಲವರು ಅದನ್ನೇ ಕಿತ್ತು ನೇರ ಜೋಡಿಸ್ತಾರೆ. ನಾಯಿ ಬೊಗಳುತ್ತೆ ಅಂತ ನಾಯಿಯನ್ನೇ ಅಟ್ಟಿ ಕಳ್ಳನಿಗೆ ದಾರಿ ಬಿಟ್ಟ ಹಾಗೆ ಅದು. ಬೀಳ್ತಿದ್ದರೆ ಒಂದೊಂದೇ ಲೈನು ತೆಗೆದು ಯಾವುದರಲ್ಲಿ ಸೋರಿಕೆ ಇದೆ ಅಂತ ಹುಡುಕಿಸಿ. ಬೋರ್‌ವೆಲ್ ಮೋಟಾರಿಗೆ ಇದೇ 30ರ ಲೆಕ್ಕ ಹೊಂದಲ್ಲ, ಉದ್ದ ಕೇಬಲ್ಲು, ನೀರಲ್ಲೇ ಇರುತ್ತೆ. ಅದಕ್ಕೆ ಯಾವುದು ಸರಿ ಅಂತ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ತಿರವೇ ಕೇಳಿ.

ಹೊಸ ಕನೆಕ್ಷನ್ನಿಗೆ ಲೈಸೆನ್ಸ್ ಇರೋ ಗುತ್ತಿಗೆದಾರರ ಸಹಿ ಬೇಕಲ್ಲ. ಬಹಳ ಕಡೆ ಆ ಸಹಿ ಮನೆ ಮುಖ ನೋಡದೇ ಬಂದಿರುತ್ತೆ. ದುಡ್ಡು ಕೊಡೋದು ಹೇಗೂ ಕೊಡ್ತೀರಿ. ಮೆಗ್ಗರ್ ತಂದು, ನಿಮ್ಮೆದುರಿಗೆ, ಪ್ರತಿ ಲೈನಿಗೂ 500 ವೋಲ್ಟಿನಲ್ಲಿ ಪರೀಕ್ಷೆ ಮಾಡಿ ತೋರಿಸಿ ಅನ್ನಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದ ಲೈನನ್ನ ಒಪ್ಪಬೇಡಿ. ಹೊಸ ಮನೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರಬೇಕು. ಆ ಅಂಕಿಯ ಫೋಟೊವನ್ನೂ ಅದೇ ಆಲ್ಬಮ್ಮಿಗೆ ಸೇರಿಸಿ. ಮುಂದೆ ಟ್ಯಾಂಕಿನ ಸೆನ್ಸರು, ಸಿಸಿಟಿವಿ, ಮೊಬೈಲ್ ಸ್ಟಾರ್ಟರ್ ಅಂತ ಏನೇನೋ ಬರುತ್ತೆ. ಡಿಬಿಯಿಂದ ಹೊರಗಡೆಗೆ ಒಂದು ಖಾಲಿ ಪೈಪು ಬಿಟ್ಟಿಡಿ. ಕ್ಯಾಮೆರಾ ವೈರನ್ನ ಕರೆಂಟ್ ವೈರಿನ ಪೈಪಿಗೇ ತುರುಕಬೇಡಿ.

ಈಗಾಗಲೇ ಪ್ಲಾಸ್ಟರ್ ಆಗಿ ಪೇಂಟೂ ಆಗಿರೋರು ಏನು ಮಾಡಬೇಕು? ಮೊದಲೆಲ್ಲ ಗೋಡೆಯಲ್ಲಿ ಕರೆಂಟ್ ಸೋರಿದರೆ ಬಿಲ್ಲಿನಲ್ಲಾದರೂ ಗೊತ್ತಾಗ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಿಗೆ ಬಿಲ್ಲೇ ಸೊನ್ನೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಮೊದಲಿಂದಲೂ ಉಚಿತ. ಯೋಜನೆ ಒಳ್ಳೇದೇ, ನಾನೂ ಫಲಾನುಭವಿ. ಆದರೆ ಯೂನಿಟ್ ಕಡೆ ನೋಡೋ ಅಭ್ಯಾಸ ಹೋಯ್ತು. ಹಾಗಾಗಿ ಮಳೆ ಬಂದ ಮಾರನೇ ದಿನ ಒಂದು ಕೆಲಸ ಮಾಡಿ. ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಫ್ರಿಜ್ಜು ಸೇರಿ ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆಫ್ ಮಾಡಿ. ಮೇನ್ ಮಾತ್ರ ಆನ್ ಇರಲಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗೋ ಕೆಂಪು ಲೈಟಿನ ಮೇಲೆ ಫೋನ್ ಕ್ಯಾಮೆರಾ ಇಟ್ಟು ಐದು ನಿಮಿಷ ವಿಡಿಯೊ ಮಾಡಿ. ಒಂದು ಸಲವಾದರೂ ಮಿನುಗಿದರೆ ಎಲ್ಲೋ ಕರೆಂಟು ಹೋಗ್ತಿದೆ. ಕೆಲವು ಮೀಟರುಗಳಲ್ಲಿ ಅರ್ತ್ ಸೋರಿಕೆಗೆ ಬೇರೆಯೇ ಒಂದು ಚಿಕ್ಕ ಲೈಟ್ ಇರುತ್ತೆ, ಅದನ್ನೂ ನೋಡಿ. ಸ್ವಿಚ್ಚಿನಿಂದ ಆಚೆಗಿನ ವೈರಿನ ಸೋರಿಕೆ ಈ ಪರೀಕ್ಷೆಗೆ ಸಿಗಲ್ಲ, ಅದಕ್ಕೆ ಮೆಗ್ಗರೇ ಬೇಕು. ಕೆಟ್ಟ ಲೈನು ಸಿಕ್ಕಿತು ಅಂದ್ರೆ ಗೋಡೆ ಒಡೆಯೋ ಅಗತ್ಯ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ವೈರಿನ ಎರಡೂ ತುದಿ ಕಳಚಿಸಿ, ಅದನ್ನ ಗೋಡೆಯೊಳಗೇ ಸತ್ತ ವೈರಾಗಿ ಬಿಡಿಸಿ, ಹೊರಗಿನಿಂದ ಹೊಸ ಪೈಪು ಓಡಿಸಿ. ನಾಲ್ಕು ಸ್ಯಾಡಲ್ಲು, ಎರಡು ಉದ್ದ ಪೈಪು, ಅರ್ಧ ದಿನದ ಕೂಲಿ.